ಅದೇ ಮೀನು

ಗಂಡನನ್ನು ಅನುಮಾನಿಸುವ ಹೆಂಗಸರ ಕತೆ ಕೇಳಿದರೆ ನನಗೆ ಮೊದಲೆಲ್ಲ ನಗು ಬರುತ್ತಿತ್ತು. ಈಗ ಬರುವುದಿಲ್ಲ. ಅವರ ಅನುಮಾನಕ್ಕೆ ಇನ್ನೊಬ್ಬಳು ಹೆಂಗಸಾದರೂ ಕಾರಣಳಾಗಿರುತ್ತಾಳೆ. ನನ್ನದಕ್ಕೆ ಕಾರಣ ಒಂದು ಮೀನು.

ಕಾರಡ್ಕದ ನಮ್ಮ ಮನೆಯ ಹಾಲ್‌ನಲ್ಲಿ ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿಯೊಂದಿದೆ. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಹಟ ಹಿಡಿದು ಇಡಿಸಿಕೊಂಡದ್ದು. ಅದರಲ್ಲಿ ಒಂದೇ ಮೀನು, ಸಮುದ್ರದ್ದು, ಎಂಪರರ್ ಏಂಜೆಲ್. ತಂದಾಗ ಅಂಗೈಯಗಲವೂ ಇರಲಿಲ್ಲ. ಕಡುನೀಲಿ ಮೈ, ಅದರ ಮೇಲೆ ಕೆರೆಗೆ ಕಲ್ಲು ಹಾಕಿದಾಗ ಏಳುವಂಥ ಬಿಳಿಯ ಉಂಗುರಗಳು. ಮೀನು ತಿನ್ನದ ನಮ್ಮ ಬಳಗದವರು ಮೊದಲು ಮೂಗು ಮುರಿದು, ಆಮೇಲೆ ಅದರ ಎದುರು ಕೂತೇ ಕಾಫಿ ಕುಡಿದರು.

ಅಷ್ಟರಲ್ಲಿ ಮಗಳ ಬಾಣಂತನಕ್ಕೆಂದು ನಾನು ಶಾರ್ಜಾಕ್ಕೆ ಹೋಗಬೇಕಾಯಿತು. ನೀರಿಗೆ ಉಪ್ಪು ಬೆರೆಸುವ ಅಳತೆ, ಮೀನಿನ ತಿಂಡಿ, ತೊಟ್ಟಿ ತೊಳೆಯುವ ಕ್ರಮ ಎಲ್ಲವನ್ನೂ ಯಜಮಾನರಿಗೆ ಪಾಠ ಮಾಡಿ, ತಿರುಗಿ ಒಪ್ಪಿಸಿಕೊಂಡು ಹೊರಟೆ. ವೀಸಾ ಮುಂದುವರಿಸುತ್ತ ಐದಾರು ತಿಂಗಳು ಅಲ್ಲೇ ಉಳಿದೆ. ಫೋನಿನಲ್ಲಿ ಮೀನಿನ ಸುದ್ದಿ ಕೇಳಿದಾಗಲೆಲ್ಲ ಇವರು "ಹುಷಾರುಂಟು" ಎಂದು ಹೇಳಿ, ಮಗುವಿನ ಮಾತು ತೆಗೆಯುತ್ತಿದ್ದರು.

ಹಿಂದಿರುಗಿ ನೋಡುತ್ತೇನೆ, ತೊಟ್ಟಿಯಲ್ಲಿ ಬೇರೆಯೇ ಮೀನು! ಉಂಗುರಗಳಿಲ್ಲ. ಮೈತುಂಬ ಹಳದಿ-ನೀಲಿ ಗೆರೆಗಳು. ಕಣ್ಣಿಗೆ ಅಡ್ಡಲಾಗಿ ಕಳ್ಳರು ಕಟ್ಟಿಕೊಳ್ಳುವಂಥ ಕಪ್ಪು ಪಟ್ಟಿ.

"ಸತ್ತದ್ದಾದ್ರೆ ಸತ್ತಿತು ಅಂತ ಹೇಳಿ. ಬೇರೆ ತಂದು ಹಾಕಿ ನನ್ನನ್ನು ಮಂಗ ಮಾಡುದು ಎಂತಕ್ಕೆ?"

"ಅದೇ ಮೀನು ಮಾರಾಯ್ತಿ," ಎಂದರು ಇವರು. "ಬಣ್ಣ ತನ್ನಷ್ಟಕ್ಕೇ ಬದಲಾದ್ದು. ನಾನೆಂತ ಮಾಡ್ಲಿ?"

"ಜೀವಶಾಸ್ತ್ರ ಯಾರಿಗೆ ಕಲಿಸ್ತೀರಿ?"

ಅವರು ಮತ್ತೆ ಮಾತಾಡಲಿಲ್ಲ. ಮೌನವನ್ನು ತಪ್ಪೊಪ್ಪಿಗೆಯೆಂದೇ ತಿಳಿಯುವುದು ಮೇಷ್ಟರ ವರ್ಗದ ಹಳೆಯ ರೋಗ. ಪೆರ್ಲದ ತಂಗಿಗೆ, ಶಾರ್ಜಾದ ಮಗಳಿಗೆ, ಜೊತೆಗೆ ಕಲಿಸಿದ ಟೀಚರುಗಳಿಗೆ ಫೋನು ಮಾಡಿ, ಮೀನು ಕೊಂದು ಮುಚ್ಚಿಟ್ಟವರ ಕತೆಯನ್ನು ರಸವತ್ತಾಗಿ ಹೇಳಿದೆ. ಇವರು ಪಕ್ಕದ ಕೋಣೆಯಲ್ಲೇ ಪೇಪರು ಓದುತ್ತಿದ್ದರು.

ಕಡೆಗೆ ಸಾಕ್ಷಿ ಸಮೇತ ಹಿಡಿಯೋಣವೆಂದು, ಈ ಹೊಸ ಮೀನು ಯಾವುದೆಂದು ಮೊಬೈಲಿನಲ್ಲಿ ಹುಡುಕಿದೆ. ಚಿತ್ರ ಸಿಕ್ಕಿತು. ಹೆಸರು ಎಂಪರರ್ ಏಂಜೆಲ್. ಅದರ ಪಕ್ಕದಲ್ಲೇ ನನ್ನ ಉಂಗುರದ ಮೀನು. ಅದರ ಹೆಸರೂ ಎಂಪರರ್ ಏಂಜೆಲ್. ಒಂದು ಮರಿ, ಒಂದು ಪ್ರಾಯಕ್ಕೆ ಬಂದದ್ದು. ಮರಿಯ ಉಡುಪೇ ಬೇರೆಯಾದ್ದರಿಂದ ದೊಡ್ಡ ಮೀನುಗಳು ಅದನ್ನು ಎದುರಾಳಿಯೆಂದು ಅಟ್ಟಿಸಿಕೊಂಡು ಹೋಗುವುದಿಲ್ಲವಂತೆ. ಗೊದಮೊಟ್ಟೆ ಕಪ್ಪೆಯಾಗುವುದನ್ನೂ ಕಂಬಳಿಹುಳು ಚಿಟ್ಟೆಯಾಗುವುದನ್ನೂ ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವಳು ನಾನು! ಮೊಬೈಲನ್ನು ಮಗುಚಿ ಇಟ್ಟು, ತೊಟ್ಟಿಯ ಕಡೆ ನೋಡಲೂ ನಾಚಿಕೊಂಡು ಅಡಿಗೆಮನೆಗೆ ಹೋದೆ.

ಆರೋಪ ಹೊರಿಸಿದಷ್ಟು ಸುಲಭವಲ್ಲ ಅದನ್ನು ಹಿಂತೆಗೆದುಕೊಳ್ಳುವುದು. ತಂಗಿಗೆ ಫೋನು ಮಾಡಿ ವಿಷಯ ಹೇಳಿದರೆ, "ಅಕ್ಕಾ, ಭಾವ ಎಂತ ಹೇಳಿದ್ರೂ ನೀನು ನಂಬ್ತಿ, ಪಾಪ" ಎಂದಳು. ಅವಳಿಗೆ ನನ್ನ ಸುಳ್ಳೇ ಹೆಚ್ಚು ರುಚಿಸಿತ್ತು.

ಸಂಜೆ ಇವರ ಎದುರು ನಿಂತು, "ನನ್ನದು ತಪ್ಪಾಯ್ತು" ಎಂದೆ.

ಅವರು ಆಗ ಹೇಳಿದ್ದು ಕೇಳಿ ನನಗೆ ಇನ್ನಷ್ಟು ಅವಮಾನವಾಯಿತು. ಉಂಗುರಗಳು ಮಾಸತೊಡಗಿದಾಗ, ತನ್ನ ಕೈಗುಣದಿಂದಲೇ ಮೀನಿಗೆ ಕಾಯಿಲೆ ಬಂತೆಂದು ಅವರು ಹೆದರಿದ್ದರಂತೆ. ನನಗೆ ಹೇಳುವ ಧೈರ್ಯವಾಗದೆ, ಅಗಲ್ಪಾಡಿ ದೇವಸ್ಥಾನಕ್ಕೆ ಹೋಗಿ ಹೂವಿನ ಪೂಜೆ ಮಾಡಿಸಿದ್ದರಂತೆ. ಭಟ್ಟರು ಹೆಸರು, ನಕ್ಷತ್ರ ಕೇಳಿದಾಗ ಮೀನಿನದೆನ್ನಲು ನಾಚಿಕೆಯಾಗಿ ನನ್ನದನ್ನೇ ಕೊಟ್ಟರಂತೆ.

"ಅಷ್ಟೆಲ್ಲ ಮಾಡಿದವರು ನಾನು ಬೈಯುವಾಗ ಸುಮ್ಮನೆ ಯಾಕೆ ಕೂತದ್ದು?" ಎಂದೆ ಕಣ್ಣೊರೆಸಿಕೊಂಡು.

ಪೇಪರು ಮಡಚಿಟ್ಟು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಹೋಗುವಾಗ ಬಿಳಿತಲೆ, ಸೀರೆ. ಬರುವಾಗ ಕಪ್ಪುತಲೆ, ಚೂಡಿದಾರ. ಏರ್‌ಪೋರ್ಟಿನಲ್ಲಿ ನಾನು ಎಂತಾದ್ರೂ ಕೇಳಿದ್ನಾ? ಸುಮ್ಮನೆ ಕಾರಲ್ಲಿ ಕೂರಿಸಿ ಕರ್ಕೊಂಡು ಬರ್ಲಿಲ್ವಾ?"