ಮೊಳೆಗೆ ನೇತುಹಾಕಿದ ಖಾಕಿ ಶರ್ಟು

ಠಾಣೆಗೆ ಬಂದ ಮಕ್ಕಳನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ಪೊಲೀಸರಿಗೆ ಪಾಠ ಹೇಳುವುದು ನನ್ನ ಕೆಲಸ. ಕಡೂರಿನ ತರಬೇತಿಯಲ್ಲಿ, ಜಗತ್ತಿನ ದೇಶಗಳೆಲ್ಲ ಕೂತು ಒಪ್ಪಿಕೊಂಡ ನಿಯಮಗಳನ್ನು ನಾನು ಓದುತ್ತಿದ್ದರೆ ಎಲ್ಲರೂ ತೂಕಡಿಸುತ್ತಿದ್ದರು. ವಯಸ್ಸಾದ ಕಾನ್‌ಸ್ಟೇಬಲ್ ಒಬ್ಬರು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಇವರೊಬ್ಬರಾದರೂ ಸಿಕ್ಕರಲ್ಲ ಅಂತ ಹಿಗ್ಗಿದ್ದೆ.

ತಿಂಗಳು ಕಳೆದು ಅವರ ಠಾಣೆಗೇ ತಪಾಸಣೆಗೆ ಹೋದೆ. ತೋಟದ ಮೋಟರಿನ ಕೇಬಲ್ ಕದ್ದ ಅನುಮಾನದ ಮೇಲೆ ಹದಿಮೂರು ವರ್ಷದ ಹುಡುಗನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದ್ದರು. ಕೆನ್ನೆಯ ಮೇಲೆ ಐದು ಬೆರಳೂ ಮೂಡಿದ್ದವು.

"ಯಾರಪ್ಪಾ ಹೊಡೆದಿದ್ದು?" ಅಂದೆ. ಹುಡುಗ ಗೋಡೆಯ ಮೊಳೆಗೆ ನೇತುಹಾಕಿದ್ದ ಖಾಕಿ ಶರ್ಟಿನ ಕಡೆ ನೋಡಿದ.

"ನಾನೇ ಮೇಡಂ," ಅಂದರು ಅದೇ ಕಾನ್‌ಸ್ಟೇಬಲ್, ಬನಿಯನ್ನಿನಲ್ಲಿ ನಿಂತು. "ಆದ್ರೆ ನೀವು ಹೇಳ್ದಂಗೇ ನಡ್ಕಂಡಿದೀನಿ. ಮಕ್ಕಳ ಮುಂದೆ ಯೂನಿಫಾರ್ಮಲ್ಲಿ ಇರಬಾರ್ದು ಅಂದಿದ್ರಲ್ಲ? ಶರ್ಟು ಬಿಚ್ಚಿಟ್ಟೇ ಎರಡು ಬಿಟ್ಟಿದ್ದು."

"ಹೊಡೀಬಾರ್ದು ಅಂತಲೂ ಹೇಳಿದ್ದೆನಲ್ರೀ!"

ಅವರು ನೋಟ್‌ಬುಕ್ ತೆಗೆದು, ಕನ್ನಡಕ ಏರಿಸಿಕೊಂಡು ಹುಡುಕಿದರು. "ಅದನ್ನ ಬರ್ಕಂಡಿಲ್ಲ ಮೇಡಂ. ಗೊತ್ತಿರೋದೇ ಅಲ್ವಾ ಅಂತ ಬಿಟ್ಟಿರ್ಬೇಕು."

ನಾನು ಬ್ಯಾಗಿನಿಂದ ತಪಾಸಣೆಯ ಫಾರಂ ತೆಗೆದೆ. ಸಿಬ್ಬಂದಿ ಸಮವಸ್ತ್ರದಲ್ಲಿದ್ದರೇ? ಇಲ್ಲ. ಕೋಳ ಹಾಕಿದ್ದರೇ? ಇಲ್ಲ. ಲಾಕಪ್ಪಿನಲ್ಲಿ ಇಟ್ಟಿದ್ದರೇ? ಇಲ್ಲ. ಎಲ್ಲ ಸರಿಯಾಗಿತ್ತು. ಹೊಡೆದರೇ ಎಂಬ ಪ್ರಶ್ನೆ ಮಾತ್ರ ಹಿಂದೆ ಮುಂದೆ ತಿರುವಿದರೂ ಸಿಗಲಿಲ್ಲ.

ಆ ಫಾರಂ ಬರೆದವಳು ನಾನೇ. ಗೊತ್ತಿರೋದೇ ಅಲ್ವಾ ಅಂತ ಬಿಟ್ಟಿರಬೇಕು.