ಸುರಂಗದೊಳಗಿನ ಸೆಕೆ

ನಂಬಲೇಬೇಕೆಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಆ ರೈಲಿನಲ್ಲಿ ನಾನು ಎಚ್ಚರವಾಗಿಯೇ ಕೂತಿದ್ದೆ. ಆ ದನಿಯನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ನಾವಿರುವುದು ಕತಾರಿನ ಅಲ್ ಖೋರ್‌ನಲ್ಲಿ. ಗಂಡ ದಿನೇಶ್ ಒಂದು ಕಟ್ಟಡ ಕಂಪನಿಯಲ್ಲಿ ಸೂಪರ್‌ವೈಸರ್. ಪಕ್ಕದ ಫ್ಲಾಟಿನ ಸದಾನಂದಣ್ಣ ಅದೇ ಕಂಪನಿಯ ಸೈಟ್ ಇನ್‌ಚಾರ್ಜ್. ಅವರೂ ನಮ್ಮ ಹಾಗೆ ಕಾರ್ಕಳದ ಕಡೆಯವರು. ಅವರ ಹೆಂಡತಿ ಪುಷ್ಪಕ್ಕನಿಗೆ ಒಮ್ಮೆ ಹಿಮ ನೋಡಬೇಕೆಂಬ ಆಸೆ. ಹಾಗಾಗಿ ಕಳೆದ ಡಿಸೆಂಬರಿನಲ್ಲಿ ನಾವು ನಾಲ್ವರೂ ಸ್ವಿಟ್ಜರ್ಲೆಂಡಿಗೆ ಹೊರಟೆವು.

ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ಸೈಟಿನಲ್ಲಿ ಒಬ್ಬ ಸತ್ತಿದ್ದ. ಬಸಪ್ಪ ಅಂತ, ಬಾಗಲಕೋಟೆಯವನು. ನಡು ಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದ್ದರೂ ಸದಾನಂದಣ್ಣ ಮಾಡಿಸಿದ್ದರು. ತಲೆ ತಿರುಗುತ್ತಿದೆ ಎಂದು ಅವನು ಬೇಡಿಕೊಂಡಾಗ, "ಮುಗಿಸಿ ಹೋಗು, ಯಲ್ಲಾ, ಬೇಗ ಬೇಗ!" ಎಂದು ಗದರಿದ್ದರಂತೆ. ಅವನು ಬಿದ್ದವನು ಮತ್ತೆ ಏಳಲಿಲ್ಲ. ಅವನಿಗೆ ಮೊದಲೇ ಹಾರ್ಟ್ ಪ್ರಾಬ್ಲಂ ಇತ್ತು ಎಂದು ಹೇಳಿ ವಿಷಯ ಮುಚ್ಚಿಬಿಟ್ಟರು. ದಿನೇಶ್ ಇದನ್ನು ನನಗೆ ಮಾತ್ರ ಹೇಳಿದ್ದರು.

ಸ್ವಿಟ್ಜರ್ಲೆಂಡಿನಲ್ಲಿ ಒಂದು ಸಂಜೆ ನಾವು ಹತ್ತಿದ್ದು ಬೆಟ್ಟ ಹತ್ತಿ ಹೋಗುವ ಕೆಂಪು ರೈಲು. ಕಿಟಕಿಗಳ ಗಾಜು ತಲೆಯ ಮೇಲಿನವರೆಗೂ ಇತ್ತು. ಹಿಮ ಹೊತ್ತು ಬಾಗಿದ ಮರಗಳು, ಆಳದಲ್ಲಿ ಹಸಿರು ಬಣ್ಣದ ನದಿ, ಇಳಿಜಾರಿನಲ್ಲಿ ದೀಪ ಹಚ್ಚಿದ ಮರದ ಮನೆಗಳು... ಎತ್ತರದ ಸೇತುವೆಯ ಮೇಲೆ ರೈಲು ತಿರುಗಿದಾಗ ನಮ್ಮದೇ ಎಂಜಿನ್ ಮುಂದೆ ಕಾಣಿಸಿತು. ಪುಷ್ಪಕ್ಕ ಮಗುವಿನಂತೆ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಸುರಂಗ ಬಂತು. ದೀಪ ಹೋಯಿತು.

ಮೊದಲು ಬಂದದ್ದು ವಾಸನೆ. ಕಾದ ಕಬ್ಬಿಣ, ಸಿಮೆಂಟಿನ ಧೂಳು, ಹಳೆಯ ಬೆವರು... ಅಲ್ ಖೋರ್‌ನಲ್ಲಿ ದಿನೇಶ್ ಕಳಚಿಡುವ ಬೂಟಿನದೇ ವಾಸನೆ.

ಮತ್ತೆ, ಸದಾನಂದಣ್ಣ ಕೂತಿದ್ದ ಎದುರಿನ ಸೀಟಿನ ಕಡೆಯಿಂದ, ಬಹಳ ಮೆತ್ತಗೆ...

"ಸಾಹೇಬ್ರ... ತಲಿ ತಿರಗಾಕತ್ತೈತ್ರಿ. ನೆರಳಿಗಿ ಹೋಗ್ಲೇನ್ರಿ?"

ನಮ್ಮಲ್ಲಿ ಯಾರೂ ಹಾಗೆ ಮಾತಾಡುವವರಲ್ಲ.

ರೈಲು ಬೆಳಕಿಗೆ ಬಂತು. ಸದಾನಂದಣ್ಣನ ಮುಖದಿಂದ ಬೆವರು ಇಳಿಯುತ್ತಿತ್ತು. "ಎಂತ ಸೆಕೆ ಮಾರಾಯ! ಹೀಟರ್ ಜಾಸ್ತಿ ಇಟ್ಟಿದ್ದಾರಾ?" ಎಂದು ದಿನೇಶರನ್ನು ಕೇಳಿದರು. ಕೈಗವಸಿನೊಳಗೂ ನನ್ನ ಬೆರಳು ಮರಗಟ್ಟಿತ್ತು. ಅವರು ಜಾಕೆಟ್ ಬಿಚ್ಚಿದರು, ಸ್ವೆಟರ್ ಬಿಚ್ಚಿದರು, ನಮ್ಮೆಲ್ಲರ ಬಾಟಲಿಯ ನೀರನ್ನೂ ಕುಡಿದು ಮುಗಿಸಿದರು.

ಮುಂದಿನ ಸುರಂಗ ಉದ್ದವಿತ್ತು. ಈ ಸಲ ದನಿಯಲ್ಲಿ ಬೇಡಿಕೆ ಇರಲಿಲ್ಲ.

"ಈಗ ನಿಮಗ ಹೆಂಗನಸ್ತೈತ್ರಿ, ಸಾಹೇಬ್ರ?"

ಕೊನೆಗೊಂದು ಸಣ್ಣ ನಗು. ಪುಷ್ಪಕ್ಕ ಕಿರುಚಿದರು.

ಹೊರಗೆ ಬರುವಷ್ಟರಲ್ಲಿ ಸದಾನಂದಣ್ಣ ಸೀಟಿನಲ್ಲಿ ಕುಸಿದಿದ್ದರು. ತುಟಿ ಒಡೆದು ರಕ್ತ ಬರುತ್ತಿತ್ತು. ಅವರ ಕೈ ಮುಟ್ಟಿದೆ. ಕತಾರಿನ ಜುಲೈ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಬಾಗಿಲಿನಂತೆ ಸುಡುತ್ತಿತ್ತು. ಮುಂದಿನ ಸ್ಟೇಷನ್‌ನಲ್ಲಿ ಇಳಿಸಿದೆವು. ಅವರು ಪ್ಲಾಟ್‌ಫಾರ್ಮಿನಲ್ಲೇ ಮೊಣಕಾಲೂರಿ ಎರಡೂ ಕೈಯಿಂದ ಹಿಮ ಬಾಚಿ ತಿನ್ನತೊಡಗಿದರು. ಎಳೆದರೂ ಬಿಡಲಿಲ್ಲ.

ಅಲ್ಲಿಯ ಡಾಕ್ಟರ್ ಜ್ವರವೇ ಇಲ್ಲ ಎಂದರು.

"ನಿಮಗೂ ಕೇಳಿತಲ್ಲಾ?" ಎಂದು ದಿನೇಶರನ್ನು ಕೇಳಿದೆ. "ಎಂತದೂ ಕೇಳ್ಲಿಲ್ಲ" ಎಂದರು. ನನ್ನ ಮುಖ ಮಾತ್ರ ನೋಡಲಿಲ್ಲ.

ಪ್ರವಾಸ ಅಲ್ಲಿಗೇ ಖಲಾಸ್. ದೋಹಾದಲ್ಲಿ ಇಳಿದು ರಾತ್ರಿ ಅಲ್ ಖೋರ್ ಕಡೆಗೆ ಕಾರಿನಲ್ಲಿ ಬರುವಾಗ, ಮರುಭೂಮಿಯ ನಡುವೆ ಸದಾನಂದಣ್ಣ ಒಮ್ಮೆಲೇ, "ನಿಲ್ಲಿಸು ದಿನೇಶಾ! ಅಲ್ಲಿ ಒಬ್ಬ ಬಿದ್ದಿದ್ದಾನೆ" ಎಂದರು. ನಮಗೆ ಯಾರೂ ಕಾಣಲಿಲ್ಲ. ಅವರು ನೀರಿನ ಬಾಟಲಿ ಹಿಡಿದು ಕತ್ತಲೆಗೆ ನಡೆದರು. ಹೆಡ್‌ಲೈಟಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಯಾರದೋ ತಲೆ ಎತ್ತಿ ಹಿಡಿದವರಂತೆ ಎಡಗೈ ಬಾಗಿಸಿ, ಮರಳಿನ ಮೇಲೆ ನೀರು ಹೊಯ್ದರು.

ಅಳುತ್ತಾ ಬಂದರು. "ಕುಡಿಯುದಿಲ್ಲ ಅಂತಾನೆ ಪುಷ್ಪಾ... ನನ್ನ ಕೈಯ ನೀರು ಬೇಡವಂತೆ ಅವನಿಗೆ."

ಪುಷ್ಪಕ್ಕ ಸೆರಗಿನಿಂದ ಅವರ ಮುಖ ಒರೆಸಿದರು.

ಸ್ವಲ್ಪ ದಿನದಲ್ಲೇ ಸದಾನಂದಣ್ಣ ಕೆಲಸ ಬಿಟ್ಟು ಊರಿಗೆ ಹೋದರು. ಅಲ್ಲಿಯೂ ಗುಣವಿಲ್ಲ. ಹಗಲೆಲ್ಲ ಬಾವಿಕಟ್ಟೆಯಲ್ಲಿ ಕೂತು ತಲೆಗೆ ಕೊಡ ಕೊಡ ನೀರು ಸುರಿದುಕೊಳ್ಳುತ್ತಾರೆ, ಮೈ ಒಂದು ಗಳಿಗೆಯೂ ತಣ್ಣಗಾಗುವುದಿಲ್ಲ ಎಂದು ಪುಷ್ಪಕ್ಕ ಫೋನಿನಲ್ಲಿ ಅಳುತ್ತಾರೆ. ಎಷ್ಟೋ ಟೆಸ್ಟ್ ಆಯಿತು, ಎಲ್ಲದರಲ್ಲೂ ನಾರ್ಮಲ್.

ಅವರ ಜಾಗಕ್ಕೆ ಕಂಪನಿಯವರು ದಿನೇಶರನ್ನು ಹಾಕಿದ್ದಾರೆ. ಈಗ ಮತ್ತೆ ಬೇಸಿಗೆ. ದಿನಾ ಮಧ್ಯಾಹ್ನ ನಾನು ಫೋನ್ ಮಾಡುತ್ತೇನೆ. "ಜನರನ್ನು ನೆರಳಿಗೆ ಬಿಟ್ಟಿರಾ?"

"ಹ್ಞಾಂ, ಬಿಟ್ಟಿದ್ದೇನೆ ಮಾರಾಯ್ತಿ" ಎನ್ನುತ್ತಾರೆ.

ನಿನ್ನೆ ಕೇಳಿದಾಗ, ಹಿಂದೆ ಕೆಲಸದವರು ಕಬ್ಬಿಣ ಬಡಿಯುವ ಸದ್ದು ಕೇಳುತ್ತಿತ್ತು. ದಿನೇಶ್ ಫೋನ್ ಇಟ್ಟುಬಿಟ್ಟರು.