ಟೇಪು ಓದಿಸಿದ್ದು

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಗೆ ಮೂಟೆ ಹೊರಲು ಸೇರಿ, ಅಲ್ಲಿನ ಕಂಪ್ಯೂಟರ್ ಕೋಣೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರೆಗೆ ಬೆಳೆದೆ. ಯಾರ ಶಿಫಾರಸೂ ಇರಲಿಲ್ಲ. ದಿನಾ ಸಂಜೆ ಸರ್ವರ್‌ನಲ್ಲಿದ್ದದ್ದನ್ನೆಲ್ಲ ಟೇಪಿಗೆ ಇಳಿಸಿ ಬೀರುವಿನಲ್ಲಿಡುವುದು ನನ್ನ ಕೆಲಸ. ಒಂದು ದಿನವೂ ತಪ್ಪಿಸಿದವನಲ್ಲ.

ಬೀಜ ಆರಿಸುವ ಹೆಂಗಸರ ಹಾಜರಿಯೂ ಅದರಲ್ಲೇ ಇತ್ತು. ಕಂಪ್ಯೂಟರ್ ಬಂದಮೇಲೆ ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಿದ್ದರು. ಕೆಟ್ಟ ಕರಿಬೀಜ ಹೆಕ್ಕಿ ತೆಗೆಯಲು ಬೆಳಕು ಬೇಕು. ಹಾಗಾಗಿ ಆರಿಸುವ ಶೆಡ್ಡಿನಲ್ಲಿ ಹಳಬರಿಗೆ ಕಿಟಕಿಯ ಸಾಲು, ಹೊಸಬರಿಗೆ ಒಳಗಿನ ಕತ್ತಲು. ಮೂಡಿಗೆರೆ ಕಡೆಯ ಒಬ್ಬಾಕೆ ವರ್ಷಗಟ್ಟಲೆ ದುಡಿದು ಕಿಟಕಿಗೆ ಬಂದಿದ್ದಳು. ಹಾಜರಿಯ ಲೆಕ್ಕದಂತೆ ಆ ಮಳೆಗಾಲಕ್ಕೆ ಅವಳ ಕೆಲಸ ಖಾಯಂ ಆಗಬೇಕಿತ್ತು. ನನ್ನನ್ನು ಕಂಡಾಗೆಲ್ಲ, "ಅಣ್ಣಾ, ನಿಮ್ ಪೆಟ್ಗೇಲಿ ನನ್ ಹೆಸ್ರು ಇದ್ಯಾ, ಇಲಿ ತಿಂತಾ?" ಎಂದು ನಗುತ್ತಿದ್ದಳು.

ಮುಂಗಾರಿಗೆ ಮುಂಚಿನ ಸಿಡಿಲಿಗೆ ಸರ್ವರ್ ಸುಟ್ಟುಹೋಯಿತು. ನಾನು ಹೆದರಲಿಲ್ಲ, ಟೇಪುಗಳಿದ್ದವಲ್ಲ. ಹೊಸ ಸರ್ವರ್ ಬಂತು. ನಮ್ಮಲ್ಲಿದ್ದ ಸೀಡಿಯಿಂದ ಬ್ಯಾಕಪ್ ಸಾಫ್ಟ್‌ವೇರ್ ಹಾಕಿ ಟೇಪು ತೂರಿಸಿದೆ. ಓದಲಿಲ್ಲ. ಯಾವ ಟೇಪು ಹಾಕಿದರೂ ಒಂದೇ ಉತ್ತರ: ಇದು ಹೊಸ ವರ್ಷನ್‌ನಲ್ಲಿ ಬರೆದದ್ದು, ಇಲ್ಲಿರುವುದು ಹಳೆಯದು. ಹಿಂದೆ ಬೆಂಗಳೂರಿನಿಂದ ಬಂದಿದ್ದ ಇಂಜಿನಿಯರ್ ಸರ್ವರ್‌ಗೆ ಹೊಸ ವರ್ಷನ್ ಹಾಕಿ, ಅದರ ಸೀಡಿಯನ್ನು ತನ್ನ ಬ್ಯಾಗಿನಲ್ಲೇ ಒಯ್ದಿದ್ದ.

"ಹೋದ್ದು ಹೋಯ್ತು ಬಿಡಿ," ಎಂದರು ಮ್ಯಾನೇಜರು. "ಏಳನೇ ಕ್ಲಾಸಿನ ಇಂಜಿನಿಯರ್ರು ಇನ್ನೇನ್ ಮಾಡ್ತೀರಿ?"

ಆ ಮಾತು ನಾಟಿತು. ಫೋನಿನಲ್ಲಿ ಆ ಇಂಜಿನಿಯರನ್ನು ಹುಡುಕಿ ಹಿಡಿದೆ. ಸೀಡಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂತು. ಹಾಕಿದರೆ ಟೇಪಿನ ಹೆಸರೇನೋ ಕಂಡಿತು, ಒಳಗಿನದು ಬಿಚ್ಚಲಿಲ್ಲ. ಹಾಜರಿಯ ಡೇಟಾಬೇಸೂ ಸುಟ್ಟ ಸರ್ವರ್‌ನಲ್ಲಿದ್ದ ವರ್ಷನ್ನೇ ಆಗಬೇಕಂತೆ. ಅದಕ್ಕೆ ಮತ್ತೊಂದು ಸೀಡಿ, ಮತ್ತೊಂದು ಬಸ್ಸು, ಮಳೆಯಲ್ಲಿ ಮತ್ತೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುವುದು.

ಕಡೆಗೆ ಒಂದು ಮಧ್ಯಾಹ್ನ ಹೆಸರುಗಳು ಒಂದೊಂದಾಗಿ ಇಳಿದು ಬಂದವು. ಅವಳದ್ದೂ ಬಂತು, ಕೆಲಸಕ್ಕೆ ಸೇರಿದ ಮೊದಲ ದಿನದಿಂದ. ಎದೆ ಉಬ್ಬಿತು. ಮ್ಯಾನೇಜರನ್ನು ಕರೆತಂದು ತೋರಿಸಿದೆ. ಅವರು ನೋಡಿದರು, ಹೋಗಿ ಬಾಗಿಲು ಹಾಕಿದರು.

"ಯಾರಿಗಾದ್ರೂ ಹೇಳಿದ್ರಾ?"

"ಇನ್ನೂ ಇಲ್ಲ ಸರ್."

"ಹೇಳ್ಬೇಡಿ. ಹಳೇ ಹಾಜರಿ ಹೋಯ್ತು ಅಂತ ಇವತ್ ಬೆಳಿಗ್ಗೆ ಎಲ್ಲರ ಹತ್ರ ಹೊಸದಾಗಿ ಸೇರಿದ ಹಾಗೆ ಹೆಬ್ಬೆಟ್ಟು ಒತ್ತಿಸಿ ಆಗಿದೆ. ಇದನ್ನ ಅಳಿಸಿ."

"ಅಳಿಸೋದು ನನ್ ಕೆಲಸ ಅಲ್ಲ ಸರ್."

"ಹಂಗಾದ್ರೆ ಬೀಗದ ಕೈ ಇಲ್ಲಿಡಿ."

ಇಟ್ಟೆ. ಟೇಪುಗಳೂ ಅವರ ಕೋಣೆಗೆ ಹೋದವು. ನಾನು ನೇರ ಶೆಡ್ಡಿಗೆ ನಡೆದೆ. ಕಿಟಕಿಯ ಸಾಲಿನಲ್ಲಿ ಅವಳಿರಲಿಲ್ಲ. ಒಳಗೆ, ಗೋಡೆಯ ಬುಡದಲ್ಲಿ, ಮೊರಕ್ಕೆ ಮುಖ ತಾಗುವಷ್ಟು ಬಗ್ಗಿ ಬೀಜ ಹೆಕ್ಕುತ್ತಿದ್ದಳು. ಹೆಬ್ಬೆರಳಿನ ಶಾಯಿ ಇನ್ನೂ ಹೋಗಿರಲಿಲ್ಲ.

"ನಿನ್ ಹಾಜರಿ ಎಲ್ಲಾ ಸಿಕ್ತು ಮಾರಾಯ್ತಿ. ಕಣ್ಣಾರೆ ಕಂಡೆ."

ಅವಳು ತಲೆ ಎತ್ತಿದಳು. "ಈಗೆಲ್ಲಿದೆ?"

"ಮ್ಯಾನೇಜರ ಕೈಲಿ."

"ಒತ್ತದಿದ್ರೆ ನಾಳೆಯಿಂದ ಕೆಲಸ ಇಲ್ಲ ಅಂದ್ರು ಅಣ್ಣಾ," ಎಂದು ಅವಳು ಮತ್ತೆ ಮೊರಕ್ಕೆ ಬಗ್ಗಿದಳು. ನಾನು ಅಲ್ಲೇ ನಿಂತಿದ್ದೆ.

"ಬೆಳಕಿಗೆ ಅಡ್ಡ ನಿಂತಿದೀರಿ. ಸ್ವಲ್ಪ ಸರೀರಿ."

ಸರಿದೆ.